ಒಡೆಯನ ಸಾಲ, ಒಕ್ಕಲಿನ ಹಕ್ಕು

ಆಸ್ತಿಯ ಒಡೆಯ ಮಾಡಿದ ಸಾಲ ತೀರದೆ, ಅಡವಿಟ್ಟ ಮನೆಯೋ ಹೊಲವೋ ಹರಾಜಿಗೆ ಬಂದಾಗ, ಅದರಲ್ಲಿ ಬಾಡಿಗೆಗೋ ಗೇಣಿಗೋ ಇರುವವರ ಗತಿ ಏನು ಎಂಬ ಪ್ರಶ್ನೆಗೆ ಕರ್ನಾಟಕದ ಜನ ಕಳೆದ ಐವತ್ತು ವರ್ಷಗಳಲ್ಲಿ ಕಾನೂನಿನಿಂದ ಎರಡು ಬೇರೆ ಬೇರೆ ಉತ್ತರಗಳನ್ನು ಪಡೆದಿದ್ದಾರೆ. 1974ರಲ್ಲಿ ರಾಜ್ಯದ ಶಾಸನಸಭೆ ಕೊಟ್ಟ ಉತ್ತರ ನೆಲದ ಮೇಲಿದ್ದವನ ಪರವಾಗಿತ್ತು. ಒಡೆಯನ ಸಾಲ ಒಡೆಯನಿಗೆ, ನೆಲ ಉಳುವವನಿಗೆ ಎಂಬುದು ಅದರ ತಿರುಳು. 2002ರಲ್ಲಿ ಸಂಸತ್ತು ಕೊಟ್ಟ ಉತ್ತರ ಸಾಲ ಕೊಟ್ಟ ಬ್ಯಾಂಕಿನ ಪರವಾಗಿತ್ತು. ಅಡವಿಟ್ಟ ಮನೆಯೊಳಗೆ ಯಾರು ಬಾಳುತ್ತಿದ್ದಾರೆಂದು ಕೇಳುವ ಗೋಜಿಗೆ ಅದು ಹೋಗಲಿಲ್ಲ. ಈ ಎರಡು ಉತ್ತರಗಳ ನಡುವಿನ ಚರಿತ್ರೆಯನ್ನು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ನೆಲೆಯಿಂದ ನೋಡುವುದಕ್ಕೆ ಸಾಕಷ್ಟು ಕಾರಣವಿದೆ. ಕಂದಾಯ ಆಡಳಿತದ ಲೆಕ್ಕದಲ್ಲಿ ಈ ನಾಲ್ಕೂ ಸೇರಿ ಹುಣಸೂರು ಉಪವಿಭಾಗವಾಗುತ್ತದೆ. ಸಾಲಿಗ್ರಾಮ, ಸರಗೂರುಗಳು ಪ್ರತ್ಯೇಕ ತಾಲ್ಲೂಕುಗಳಾದದ್ದು ಈಚಿನ ವರ್ಷಗಳಲ್ಲಿ. ಮೊದಲ ಉತ್ತರವನ್ನು ಜಾರಿಗೆ ತಂದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಎರಡನೆಯ ಉತ್ತರದ ಭಾರ ಬಿದ್ದಿರುವುದು ಇಂಥ ತಾಲ್ಲೂಕು ಪಟ್ಟಣಗಳಲ್ಲಿ ಭೋಗ್ಯಕ್ಕೆ, ಬಾಡಿಗೆಗೆ ಮನೆ ಹಿಡಿದು ಬಾಳುವ ಸಣ್ಣ ಆದಾಯದ ಕುಟುಂಬಗಳ ಮೇಲೆ.

ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಹಿಂದೆ ಎಡತೊರೆ ಎಂದು ಹೆಸರಾಗಿದ್ದ ಕೃಷ್ಣರಾಜನಗರ ತಾಲ್ಲೂಕು ಕಾವೇರಿಯ ಅಣೆಕಟ್ಟೆ ನಾಲೆಗಳ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ. ಹುಣಸೂರು ಮತ್ತು ಪಿರಿಯಾಪಟ್ಟಣಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಕೆಂಪು ನೆಲವಾಗಿದ್ದು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆಯಾದವು. ಹೆಗ್ಗಡದೇವನಕೋಟೆ ಕಾಡಂಚಿನದು, ಹಾಡಿಗಳಲ್ಲಿ ವಾಸಿಸುವ ಜೇನುಕುರುಬ ಮುಂತಾದ ಸಮುದಾಯಗಳ ನೆಲೆ. ರೈತ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ರೈತವಾರಿ ಪದ್ಧತಿ ಹಳೆಯ ಮೈಸೂರಿನಲ್ಲಿ ಬೇರೂರಿದ್ದುದರಿಂದ ಕರಾವಳಿಯಲ್ಲಿ ಕಂಡಷ್ಟು ವ್ಯಾಪಕವಾಗಿ ಗೇಣಿ ಇಲ್ಲಿ ಇರಲಿಲ್ಲ. ಆದರೂ ನಾಲೆ ಬಯಲುಗಳಲ್ಲಿ ಮತ್ತು ಇನಾಂ ಗ್ರಾಮಗಳಲ್ಲಿ, ಅಂದರೆ ಅರಸರು ದೇವಾಲಯಗಳಿಗೋ ವ್ಯಕ್ತಿಗಳಿಗೋ ಕಂದಾಯದ ಹಕ್ಕು ಬಿಟ್ಟುಕೊಟ್ಟ ಊರುಗಳಲ್ಲಿ, ಬೇರೊಬ್ಬರ ಜಮೀನನ್ನು ಉಳುವವರು ಬೇಕಾದಷ್ಟಿದ್ದರು. ಬೆಳೆ ಬಂದರೂ ಬಾರದಿದ್ದರೂ ಒಪ್ಪಿದಷ್ಟು ಪಲ್ಲ ಭತ್ತವನ್ನು ಒಡೆಯನಿಗೆ ಅಳೆಯುವುದು ಗೇಣಿ; ಬೆಳೆದದ್ದನ್ನು ಕಣದಲ್ಲೇ ಪಾಲು ಹಾಕಿಕೊಳ್ಳುವುದು ವಾರ; ಸಾಲ ಕೊಟ್ಟವನು ಬಡ್ಡಿಯ ಬದಲಿಗೆ ಜಮೀನನ್ನೋ ಮನೆಯನ್ನೋ ತಾನೇ ಅನುಭವಿಸಿ, ಅಸಲು ಬಂದ ದಿನ ಬಿಟ್ಟುಕೊಡುವುದು ಭೋಗ್ಯ; ತೀರದ ಸಾಲಕ್ಕೆ ಮೈಯನ್ನೇ ಒತ್ತೆಯಿಟ್ಟು ಒಡೆಯನ ಮನೆಯಲ್ಲಿ ದುಡಿಯುವುದು ಜೀತ. ಈ ನಾಲ್ಕೂ ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಕುಟುಂಬದಲ್ಲಿ ಕೂಡಿಕೊಂಡಿದ್ದವು. ಮೈಸೂರು ಜಿಲ್ಲೆಯ ಹಳ್ಳಿಯೊಂದನ್ನು 1948ರಲ್ಲಿ ಅಲ್ಲಿಯೇ ನೆಲೆಸಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಒಡೆಯ-ಒಕ್ಕಲು, ಸಾಲಗಾರ-ಸಾಹುಕಾರ ಸಂಬಂಧಗಳು ಒಂದರೊಳಗೊಂದು ಹೆಣೆದುಕೊಂಡ ಬಗೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಇಂಥ ವ್ಯವಸ್ಥೆಯಲ್ಲಿ ಗೇಣಿದಾರನ ಹಕ್ಕು ಒಡೆಯನ ಮರ್ಜಿಯನ್ನು ಮಾತ್ರವಲ್ಲ, ಒಡೆಯನ ಸಾಲದ ಸ್ಥಿತಿಯನ್ನೂ ಅವಲಂಬಿಸಿತ್ತು. ಒಡೆಯ ಜಮೀನನ್ನು ಬೇರೊಬ್ಬನಿಗೆ ಅಡವಿಟ್ಟರೆ ಅಥವಾ ಮಾರಿದರೆ, ಬಂದ ಹೊಸಬನು ಒಕ್ಕಲನ್ನು ಉಳಿಸಿಕೊಳ್ಳುತ್ತಾನೆಂಬ ಭರವಸೆ ಇರಲಿಲ್ಲ.

ಕಾನೂನು ಈ ಸ್ಥಿತಿಗೆ ಕೈಹಾಕಿದ್ದು ನಿಧಾನವಾಗಿ. 1951ರ ಏಪ್ರಿಲ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಆ ವರ್ಷ ಅಲ್ಲಿಗೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. 1952ರಲ್ಲಿ ಮೈಸೂರು ಗೇಣಿ ಕಾಯ್ದೆ, 1954ರಲ್ಲಿ ಇನಾಂ ರದ್ದತಿ ಕಾಯ್ದೆ ಬಂದವು. ರಾಜ್ಯ ಏಕೀಕರಣಗೊಂಡ ಮೇಲೆ, ಐದು ಆಡಳಿತಗಳಿಂದ ಬಂದ ಪ್ರದೇಶಗಳ ಭಿನ್ನ ಗೇಣಿ ಕಾನೂನುಗಳನ್ನು ಒಂದುಗೂಡಿಸಲು 1957ರಲ್ಲಿ ಬಿ.ಡಿ. ಜತ್ತಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಅದರ ಫಲವಾಗಿ ರೂಪುಗೊಂಡ 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಬೇಸಾಯಕ್ಕೆಂದು ಜಮೀನನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು ಆ ಕಾಯ್ದೆ ಒಡೆಯನಿಗೆ ಉಳಿಸಿಕೊಟ್ಟಿತ್ತು. ಮಂಡನೆಗೂ ಜಾರಿಗೂ ನಡುವೆ ಕಳೆದ ವರ್ಷಗಳಲ್ಲಿ ಎಷ್ಟೋ ಗೇಣಿದಾರರು ತಾವಾಗಿಯೇ ಬಿಟ್ಟುಕೊಟ್ಟಂತೆ ಬರೆದುಕೊಟ್ಟು ಹೊರನಡೆದರು. ಪಟ್ಟಣದ ಮನೆ ಬಾಡಿಗೆಯ ವಿಷಯದಲ್ಲಿ ಸರ್ಕಾರ ಇದಕ್ಕಿಂತ ಚುರುಕಾಗಿತ್ತು: ಮೈಸೂರು ರಾಜ್ಯದಲ್ಲಿ 1951ರಲ್ಲೇ ಮನೆ ಬಾಡಿಗೆ ನಿಯಂತ್ರಣಕ್ಕೆ ಕಾಯ್ದೆಯಿತ್ತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯು ತನ್ನ ವ್ಯಾಪ್ತಿಯ ಊರುಗಳಲ್ಲಿ, ತಾನು ಹೇಳಿದ ಕಾರಣಗಳಿಗಲ್ಲದೆ ಬಾಡಿಗೆದಾರನನ್ನು ಎಬ್ಬಿಸುವಂತಿಲ್ಲ ಎಂದು ವಿಧಿಸಿತು. ಆಸ್ತಿ ವರ್ಗಾವಣೆ ಕಾಯ್ದೆಯ 109ನೆಯ ಕಲಂ ಮೊದಲಿನಿಂದಲೂ ಹೇಳುತ್ತಿದ್ದಂತೆ, ಮನೆಯನ್ನು ಕೊಂಡವನು ಹಳೆಯ ಒಡೆಯನ ಜಾಗದಲ್ಲಿ ನಿಲ್ಲುತ್ತಾನೆಯೇ ಹೊರತು ಬಾಡಿಗೆದಾರನ ಹಕ್ಕನ್ನು ಅಳಿಸಲಾರ. ಬಾಡಿಗೆ ಕಾಯ್ದೆಯ ಬೆಂಬಲ ಸೇರಿದಾಗ ಈ ತತ್ತ್ವಕ್ಕೆ ಬಲ ಬಂತು.

1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದ ಅರಸು 1952ರಿಂದಲೂ ಹುಣಸೂರಿನ ಪ್ರತಿನಿಧಿಯಾಗಿ ವಿಧಾನಸಭೆಗೆ ಬಂದವರು, ಸಂಖ್ಯೆಯಲ್ಲಿ ತೀರ ಸಣ್ಣದಾದ ಅರಸು ಸಮುದಾಯದವರು, ಭೂಮಾಲೀಕ ವರ್ಗಗಳ ಬೆಂಬಲಕ್ಕೆ ಜೋತುಬೀಳದೆ ಅಧಿಕಾರ ನಡೆಸಲು ಬೇರೆ ನೆಲೆಯೊಂದನ್ನು ಕಟ್ಟಬೇಕಾಗಿದ್ದವರು. ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅದರ 44ನೆಯ ಕಲಮಿನ ಪ್ರಕಾರ, ಸೈನಿಕರು, ನಾವಿಕರಂಥ ಕೆಲವರ ಜಮೀನು ಬಿಟ್ಟರೆ, ಆ ದಿನಕ್ಕೆ ಮೊದಲು ಗೇಣಿಯಲ್ಲಿದ್ದ ಎಲ್ಲ ಕೃಷಿ ಜಮೀನೂ ರಾಜ್ಯ ಸರ್ಕಾರದಲ್ಲಿ ವಿಹಿತವಾಯಿತು, ಅಂದರೆ ಒಡೆತನ ಒಡೆಯನ ಕೈಬಿಟ್ಟು ಸರ್ಕಾರಕ್ಕೆ ಸೇರಿತು. ಗೇಣಿದಾರನು ಅಧಿಭೋಗದಾರನಾಗಿ, ಎಂದರೆ ನೇರವಾಗಿ ಸರ್ಕಾರದಿಂದ ಹಕ್ಕು ಪಡೆದವನಾಗಿ, ನೋಂದಾಯಿಸಿಕೊಳ್ಳಬಹುದಾಗಿತ್ತು. ಈ ಕಲಮಿನಲ್ಲಿ ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದ ಮಾತೊಂದಿದೆ, ಮತ್ತು ಪ್ರಸ್ತುತ ಚರಿತ್ರೆಯಲ್ಲಿ ಅದರಷ್ಟು ಮುಖ್ಯವಾದ ಮಾತು ಬೇರೆ ಇಲ್ಲ: ಜಮೀನು ಸರ್ಕಾರಕ್ಕೆ ಸೇರುವುದು ಎಲ್ಲ ಋಣಭಾರಗಳಿಂದ ಮುಕ್ತವಾಗಿ. ಒಡೆಯ ಆ ಹೊಲವನ್ನು ಯಾರಿಗೆ ಎಷ್ಟಕ್ಕೆ ಅಡವಿಟ್ಟಿದ್ದರೂ ಆ ಅಡಮಾನ ಇನ್ನು ಹೊಲದ ಮೇಲೆ ಉಳಿಯುವಂತಿರಲಿಲ್ಲ. ಸಾಲ ಕೊಟ್ಟವನು ಒಡೆಯನಿಗೆ ಸಲ್ಲುವ ಪರಿಹಾರದ ಹಣದತ್ತ ನೋಡಬೇಕಿತ್ತೇ ಹೊರತು ಉಳುವವನ ನೆಲಕ್ಕೆ ಕೈಹಾಕುವಂತಿರಲಿಲ್ಲ. ಅಡಮಾನ ಎಷ್ಟು ಹಳೆಯದು, ಗೇಣಿ ಅದಕ್ಕಿಂತ ಮೊದಲಿನದೋ ನಂತರದ್ದೋ, ಗೇಣಿಯ ಪತ್ರ ನೋಂದಣಿಯಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಗಳನ್ನು ಆ ಕಾಯ್ದೆ ಬದಿಗಿಟ್ಟಿತು. ಅದು ಕೇಳಿದ್ದು ಒಂದೇ ಪ್ರಶ್ನೆ: ಆ ದಿನಕ್ಕೆ ಮೊದಲು ಈ ನೆಲವನ್ನು ಗೇಣಿದಾರನಾಗಿ ಉಳುತ್ತಿದ್ದವರು ಯಾರು?

ಉತ್ತರ ಹುಡುಕುವ ಕೆಲಸ ತಾಲ್ಲೂಕು ಮಟ್ಟದ ಭೂನ್ಯಾಯಮಂಡಳಿಗಳಿಗೆ ಬಿತ್ತು. ಉಪವಿಭಾಗಾಧಿಕಾರಿ ಅಥವಾ ಅದೇ ದರ್ಜೆಯ ಅಧಿಕಾರಿ ಅಧ್ಯಕ್ಷ; ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ಸಿವಿಲ್ ನ್ಯಾಯಾಲಯಗಳಿಗೆ ಈ ವಿಷಯದಲ್ಲಿ ಅಧಿಕಾರವಿರಲಿಲ್ಲ. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂಬ ನಿಯಮವೂ ಇತ್ತು. ಗೇಣಿದಾರ ಸಲ್ಲಿಸಬೇಕಾದದ್ದು ನಮೂನೆ 7 ಎಂಬ ಅರ್ಜಿ. ಅದರಲ್ಲಿ ಊರಿನ ಹೆಸರು, ಸರ್ವೆ ನಂಬರು, ಎಕರೆ-ಗುಂಟೆಗಳ ವಿಸ್ತೀರ್ಣ, ಒಡೆಯನ ಹೆಸರು, ತನ್ನ ಹೆಸರು ತುಂಬಬೇಕಿತ್ತು. ಓದುಬರಹ ಬಾರದವನು ಗುಮಾಸ್ತನಿಂದಲೋ ಊರಿನ ಮೇಷ್ಟ್ರಿಂದಲೋ ಬರೆಸಿ ಹೆಬ್ಬೆಟ್ಟು ಒತ್ತಿದರೂ ಅದು ಅರ್ಜಿಯೇ. ಪಹಣಿಯ ಸಾಗುವಳಿ ಕಾಲಮಿನಲ್ಲಿ ಹೆಸರಿದ್ದರೆ ಅದು ದೊಡ್ಡ ಬಲ. ಆದರೆ ಗೇಣಿ ಬಹುಪಾಲು ಬಾಯಿಮಾತಿನದಾಗಿ, ಒಡೆಯರು ರಸೀದಿ ಕೊಡುವ ರೂಢಿ ಇಲ್ಲದೆ, ಆ ಕಾಲಮಿನಲ್ಲಿ ಒಡೆಯನ ಹೆಸರೇ ವರ್ಷ ವರ್ಷ ಮುಂದುವರಿದಿರುತ್ತಿತ್ತು. ಅಂಥ ಕಡೆ ಅಕ್ಕಪಕ್ಕದ ಹೊಲದವರ ಸಾಕ್ಷ್ಯವೇ ಗತಿ; ಅವರೋ ಒಡೆಯನ ಹಂಗಿನಲ್ಲಿ ಇರುವವರೇ. ಅರ್ಜಿಯ ಗಡುವು ಹಲವು ಸಲ ವಿಸ್ತರಣೆಯಾಗಿ 1979ರ ಜೂನ್ 30ಕ್ಕೆ ಮುಗಿಯುವ ವೇಳೆಗೆ ರಾಜ್ಯದಾದ್ಯಂತ ಎಂಟು ಲಕ್ಷದಷ್ಟು ಅರ್ಜಿಗಳು ಬಂದಿದ್ದವು. ಗಡುವು ತಪ್ಪಿಸಿಕೊಂಡವರಿಗಾಗಿ 1990ರ ದಶಕದ ಕೊನೆಯಲ್ಲಿ 77ಎ ಕಲಂ ಸೇರಿಸಿ, ನಮೂನೆ 7ಎ ಮೂಲಕ ಎರಡು ಹೆಕ್ಟೇರ್‌ವರೆಗೆ ಜಮೀನು ಕೋರುವ ಅವಕಾಶ ಕೊಡಬೇಕಾಯಿತೆಂದರೆ, ಮೊದಲ ಸುತ್ತಿನಲ್ಲಿ ಹೆದರಿಕೆಯಿಂದಲೋ ತಿಳಿಯದೆಯೋ ಹೊರಗುಳಿದವರು ಕಡಿಮೆಯಿರಲಿಲ್ಲ ಎಂದೇ ಅರ್ಥ.

ಕಾಯ್ದೆಯ ರಕ್ಷಣೆಗೆ ಒಂದು ಗಡಿಯೂ ಇತ್ತು. ಇತರರ ಜಮೀನನ್ನು ಕಾನೂನುಬದ್ಧವಾಗಿ ಉಳುವವನನ್ನು ಗೇಣಿದಾರನೆಂದೇ ಭಾವಿಸಬೇಕೆಂದು ಹೇಳುವ 4ನೆಯ ಕಲಂ, ಒಡೆಯನ ಕುಟುಂಬದವರನ್ನೂ ಕೂಲಿಯಾಳನ್ನೂ ಹೊರಗಿಟ್ಟಂತೆ, ಅಡಮಾನದ ಮೇಲೆ ಸ್ವಾಧೀನ ಪಡೆದವನನ್ನೂ, ಅಂದರೆ ಭೋಗ್ಯದಾರನನ್ನೂ ಹೊರಗಿಟ್ಟಿತು. ಇದರಲ್ಲಿ ನ್ಯಾಯವೂ ಇತ್ತು, ಏಕೆಂದರೆ ಸಣ್ಣ ಹಿಡುವಳಿದಾರನ ಹೊಲವನ್ನು ಬಡ್ಡಿಗೆ ಬದಲಾಗಿ ಹಿಡಿದುಕೊಂಡ ಸಾಹುಕಾರ ಅದನ್ನೇ ನೆಪಮಾಡಿ ಒಡೆಯನಾಗುವುದನ್ನು ತಡೆಯಬೇಕಿತ್ತು. ಆದರೆ ಗೇಣಿದಾರನೇ ತನ್ನ ಒಡೆಯನಿಗೆ ಕಷ್ಟಕಾಲದಲ್ಲಿ ಹಣ ಕೊಟ್ಟು, ತಾನು ಉಳುತ್ತಿದ್ದ ಹೊಲವನ್ನೇ ಭೋಗ್ಯಕ್ಕೆ ಬರೆಸಿಕೊಂಡಿದ್ದರೆ ಅವನು ಯಾರು? ಹಳೆಯ ಗೇಣಿ ಭೋಗ್ಯದಲ್ಲಿ ಕರಗಿಹೋಯಿತೇ, ಅಥವಾ ಭೋಗ್ಯ ತೀರಿದ ಮೇಲೆ ಮರಳಿ ಜೀವ ತಳೆಯುತ್ತದೆಯೇ? ನ್ಯಾಯಾಲಯಗಳು ಇದನ್ನು ಪತ್ರದ ಒಕ್ಕಣೆ ಮತ್ತು ನಡವಳಿಕೆ ನೋಡಿ ತೀರ್ಮಾನಿಸಿದವು. ಬಾಡಿಗೆದಾರನೇ ಭೋಗ್ಯದಾರನಾದ ಕರ್ನಾಟಕದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ, ಪತ್ರದ ಷರತ್ತುಗಳನ್ನು ನೋಡಿದರೆ ಹಳೆಯ ಬಾಡಿಗೆಯ ಹಕ್ಕನ್ನು ಅವನು ಬಿಟ್ಟುಕೊಟ್ಟಂತೆಯೇ ಆಯಿತೆಂದು ಹೇಳಿತು. ಭೋಗ್ಯದ ಈ ಇಬ್ಬಂದಿ ಸ್ವರೂಪ ಮುಂದೆ ಪಟ್ಟಣದ ಮನೆಗಳ ವಿಷಯದಲ್ಲಿ ಇನ್ನೂ ದೊಡ್ಡ ತೊಡಕಾಗಿ ಎದುರಾಗಲಿತ್ತು.

ಭೂಮಿಯ ಜೊತೆಗೇ ಸಾಲವನ್ನೂ ಅರಸು ಸರ್ಕಾರ ಮುಟ್ಟಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಂದ 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆ ಸಣ್ಣ ರೈತರು, ಭೂಹೀನ ಕೃಷಿ ಕಾರ್ಮಿಕರು ಮತ್ತು ದುರ್ಬಲ ವರ್ಗದವರು ಖಾಸಗಿ ಲೇವಾದೇವಿಗಾರರಿಗೆ ಕೊಡಬೇಕಾದ ಹಳೆಯ ಸಾಲವನ್ನು ಪೂರ್ತಿ ತೀರಿದಂತೆ ಘೋಷಿಸಿತು. ಗಿರವಿಯಿಟ್ಟ ಒಡವೆ, ಪಾತ್ರೆಗಳನ್ನು ಮರಳಿಸಬೇಕೆಂದೂ ಅಡಮಾನ ಬಿಡುಗಡೆಯಾಗಬೇಕೆಂದೂ ವಿಧಿಸಿತು. ಬ್ಯಾಂಕು ಮತ್ತು ಸಹಕಾರ ಸಂಘಗಳ ಸಾಲ ಇದರ ಹೊರಗಿತ್ತು. ಅದೇ ವರ್ಷ ಕೇಂದ್ರದ ಕಾಯ್ದೆಯಿಂದ ಜೀತವೂ ರದ್ದಾಯಿತು. ಭೂಸುಧಾರಣಾ ಕಾಯ್ದೆಯ 38ನೆಯ ಕಲಂ, ಆ ದಶಕದ ಕೊನೆಯ ತಿದ್ದುಪಡಿಯ ನಂತರ, ಬೇರೊಬ್ಬರ ನೆಲದ ಮೇಲೆ ಗುಡಿಸಲು ಹಾಕಿಕೊಂಡು ಬದುಕುವ ಕೃಷಿ ಕಾರ್ಮಿಕನಿಗೆ ಆ ಮನೆಯನ್ನೂ ಅದಕ್ಕೆ ಹೊಂದಿದ ಜಾಗವನ್ನೂ, ಇಲ್ಲಿಯೂ ಋಣಭಾರಗಳಿಂದ ಮುಕ್ತವಾಗಿ, ಕೊಡುವ ದಾರಿ ತೆರೆಯಿತು. ಒಡೆಯ ಹೊಲ ಮಾರಿದರೆ ಗುಡಿಸಲು ಕೀಳಬೇಕಾಗುತ್ತಿದ್ದ ಆಳಿಗೆ ಇದು ಸಣ್ಣ ವಿಷಯವಲ್ಲ. ಈ ತತ್ತ್ವವನ್ನೇ 2017ರಲ್ಲಿ ಜಾರಿಗೆ ಬಂದ 38ಎ ಕಲಂ, ಕಂದಾಯ ದಾಖಲೆಯಲ್ಲಿ ಊರೆಂದೇ ಸೇರದ ತಾಂಡಾ, ಹಟ್ಟಿ, ಹಾಡಿಗಳಂಥ ವಸತಿಗಳು ಖಾಸಗಿ ಜಮೀನಿನಲ್ಲಿದ್ದ ಕಡೆಗೂ ವಿಸ್ತರಿಸಿತು. ಅರಣ್ಯದ ನೆಲದಲ್ಲಿರುವ ಹೆಗ್ಗಡದೇವನಕೋಟೆಯ ಹಾಡಿಗಳ ಕಥೆ ಬೇರೆ. ಅಲ್ಲಿ ಒಡೆಯ ಸರ್ಕಾರವೇ ಆಗಿದ್ದುದರಿಂದ ಗೇಣಿಯ ಕಾನೂನು ಆ ಜನರ ನೆರವಿಗೆ ಬರಲಿಲ್ಲ.

ಅರಸು ಕಾಲದ ಸುಧಾರಣೆಯನ್ನು ವಿದ್ವಾಂಸರು ಒಂದೇ ದೃಷ್ಟಿಯಿಂದ ನೋಡಿಲ್ಲ. ಗೇಣಿದಾರರಲ್ಲಿ ಅನೇಕರು ಪ್ರಬಲ ವರ್ಗಕ್ಕೇ ಸೇರಿದವರೆಂಬುದನ್ನು ಎಂ.ವಿ. ನಾಡಕರ್ಣಿ 1976ರಲ್ಲೇ ಎತ್ತಿ ತೋರಿಸಿದರು. ಆಳವಾದ ಬದಲಾವಣೆಯನ್ನು ತಡೆಯಲೆಂದೇ ಮೇಲ್ಮೈ ಸುಧಾರಣೆ ನಡೆಯಿತೆಂಬ ವಾದವನ್ನು ನರೇಂದರ್ ಪಾಣಿ 1983ರ ಪುಸ್ತಕದಲ್ಲಿ ಮಂಡಿಸಿದರು. ಅತುಲ್ ಕೊಹ್ಲಿ ಅದರ ಸಾಧನೆಯನ್ನು ಮಿತವಾದದ್ದೆಂದು ಅಳೆದರು. ಇದಕ್ಕೆ ಪ್ರತಿಯಾಗಿ ಇ. ರಾಘವನ್ ಮತ್ತು ಜೇಮ್ಸ್ ಮ್ಯಾನರ್ 2009ರ ಕೃತಿಯಲ್ಲಿ ಅರಸು ಕಾಲವನ್ನು ಪ್ರಜಾಪ್ರಭುತ್ವ ತಳಕ್ಕಿಳಿದ ಕಾಲವೆಂದು ಕಂಡರು. ಎಷ್ಟು ಎಕರೆ ಕೈಬದಲಾಯಿತೆಂಬ ಲೆಕ್ಕದಲ್ಲಿ ಟೀಕಾಕಾರರ ಮಾತಿಗೆ ತೂಕವಿದೆ, ಅದರಲ್ಲೂ ಗೇಣಿ ಕಡಿಮೆಯಿದ್ದ ಹುಣಸೂರು, ಪಿರಿಯಾಪಟ್ಟಣಗಳ ಮಳೆಯಾಶ್ರಿತ ನೆಲದಲ್ಲಿ. ಆದರೆ ಈ ಚರ್ಚೆಯೆಲ್ಲ ಒಡೆಯ ಮತ್ತು ಒಕ್ಕಲಿನ ನಡುವೆಯೇ ಸುತ್ತಿದ್ದರಿಂದ, ಮೂರನೆಯವನಾದ ಸಾಲಿಗನನ್ನು ಆ ಕಾಯ್ದೆ ಹೇಗೆ ಒಕ್ಕಲಿನ ಅಂಗಳದಿಂದ ಹೊರಗೆ ನಿಲ್ಲಿಸಿತೆಂಬುದು ತಕ್ಕಷ್ಟು ಚರ್ಚೆಯಾಗಿಲ್ಲ. ಅದರ ಬೆಲೆ ಗೊತ್ತಾದದ್ದು ಸಾಲಿಗ ಮರಳಿ ಒಳಗೆ ಬಂದಾಗ.

ಮುಂದಿನ ದಶಕಗಳಲ್ಲಿ ಆ ಮರಳುವಿಕೆಗೆ ನೆಲ ಹದವಾಯಿತು. ತಂಬಾಕು ಮಂಡಳಿ 1976ರಲ್ಲಿ ಸ್ಥಾಪನೆಯಾಗಿ, 1984ರಿಂದ ಕರ್ನಾಟಕದಲ್ಲಿ ಹರಾಜು ಮಾರುಕಟ್ಟೆ ಆರಂಭವಾದ ಮೇಲೆ ಹುಣಸೂರು, ಪಿರಿಯಾಪಟ್ಟಣಗಳ ರೈತನಿಗೆ ಸೊಪ್ಪು ಹದಮಾಡುವ ಬ್ಯಾರನ್ ಕಟ್ಟಲು, ಸೌದೆ-ಗೊಬ್ಬರ ಕೊಳ್ಳಲು ಬ್ಯಾಂಕಿನ ಸಾಲ ಎಂದಿನ ಸಂಗತಿಯಾಯಿತು. ಪಟ್ಟಣಗಳು ಬೆಳೆದವು, ಒಳ್ಳೆಯ ಬೆಲೆ ಸಿಕ್ಕ ವರ್ಷ ಕೈಗೆ ಬಂದ ಹಣಕ್ಕೆ ಗೃಹಸಾಲ ಸೇರಿಸಿ, ಕೆಳಗೆ ಮಳಿಗೆ, ಮೇಲೆ ಎರಡು ಬಾಡಿಗೆ ಮನೆ ಎಂಬ ಮಾದರಿಯ ಕಟ್ಟಡಗಳು ಬೈಪಾಸ್ ಬದಿಯಲ್ಲೂ ಹೊಸ ಬಡಾವಣೆಗಳಲ್ಲೂ ಎದ್ದವು. ಅವುಗಳಲ್ಲಿ ನೆಲೆಸಿದವರು ಶಾಲಾ ಶಿಕ್ಷಕರು, ಬಸ್ ನಿರ್ವಾಹಕರು, ಅಂಗಡಿ ಕೆಲಸದವರು, ಮಕ್ಕಳ ಓದಿಗಾಗಿ ಹಳ್ಳಿಯಿಂದ ಬಂದವರು. 2013ರಲ್ಲಿ ಆರಂಭವಾದ ಇ-ಸ್ವತ್ತು ವ್ಯವಸ್ಥೆಯಿಂದ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗಳಿಗೂ ನಮೂನೆ 9 ಮತ್ತು 11 ಎಂಬ ಆಸ್ತಿ ದಾಖಲೆಗಳು ಸಿಗತೊಡಗಿದಾಗ, ಅದುವರೆಗೆ ಬ್ಯಾಂಕು ಮುಟ್ಟದಿದ್ದ ಹಳ್ಳಿಮನೆಯೂ ಅಡಮಾನಕ್ಕೆ ಅರ್ಹವಾಯಿತು.

ಭೋಗ್ಯ ಎಂಬ ಹಳೆಯ ಹೆಸರು ಈ ಮನೆಗಳಲ್ಲಿ ಹೊಸ ರೂಪ ತಾಳಿತು. ಕೆಲವು ಲಕ್ಷ ರೂಪಾಯಿಗಳನ್ನು ಒಟ್ಟಿಗೆ ಮಾಲೀಕನಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು-ಮೂರು ವರ್ಷ ಮನೆಯಲ್ಲಿದ್ದು, ಬಿಡುವಾಗ ಪೂರ್ತಿ ಹಣ ಹಿಂಪಡೆಯುವ ಏರ್ಪಾಡು ಅದು. ಮಾಲೀಕನಿಗೆ ಬಡ್ಡಿಯಿಲ್ಲದ ಹಣ, ಹಿಡಿದವನಿಗೆ ಬಾಡಿಗೆಯಿಲ್ಲದ ಮನೆ. ಒಡವೆ ಮಾರಿ, ಚೀಟಿ ಎತ್ತಿ, ಸೊಸೈಟಿಯಲ್ಲಿ ಸಾಲ ತೆಗೆದು ಹೊಂದಿಸಿದ ಆ ಹಣವೇ ಎಷ್ಟೋ ಕುಟುಂಬಗಳ ಜೀವಮಾನದ ಉಳಿತಾಯ. ಕಾನೂನಿನ ಕಣ್ಣಿನಲ್ಲಿ ಇದು ಆಸ್ತಿ ವರ್ಗಾವಣೆ ಕಾಯ್ದೆಯ 58ನೆಯ ಕಲಮಿನಲ್ಲಿ ಹೇಳಿದ ಭೋಗ್ಯ ಅಡಮಾನವಾಗಬೇಕಾದರೆ ಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು. ರೂಢಿಯಲ್ಲಿ ನಡೆಯುವುದೋ, ಛಾಪಾ ಕಾಗದದ ಮೇಲೆ ಒಪ್ಪಂದ ಬೆರಳಚ್ಚು ಮಾಡಿಸಿ, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ, ಹೆಚ್ಚೆಂದರೆ ನೋಟರಿಯ ಮುದ್ರೆ ಒತ್ತಿಸುವುದು. ಮುದ್ರಾಂಕ ಶುಲ್ಕ ಉಳಿಯುತ್ತದೆ. ಆದರೆ ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಜನ ಇ.ಸಿ. ಎಂದು ಕರೆಯುವ ದಾಖಲೆಯಲ್ಲಿ, ಆ ಕುಟುಂಬದ ಹೆಸರೇ ಬರುವುದಿಲ್ಲ. ಹಕ್ಕುಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಪಡೆದ ಸಾಲ ಇ.ಸಿ.ಯಲ್ಲಿ ಕಾಣದೆ ಉಳಿಯುವ ಸಾಧ್ಯತೆ ಬಹುಕಾಲ ಇದ್ದುದರಿಂದ, ಎಚ್ಚರದಿಂದ ಇ.ಸಿ. ತೆಗೆಸಿ ನೋಡಿದವನೂ ಮೋಸಹೋಗಬಹುದಿತ್ತು. ಅಂಥ ಅಡಮಾನಗಳಿಗೆ ಕೇಂದ್ರೀಯ ನೋಂದಣಿ ವ್ಯವಸ್ಥೆ ಕೆಲಸ ಆರಂಭಿಸಿದ್ದು 2011ರಲ್ಲಿ.

ಈ ನಡುವೆ ಎರಡು ಕಾಯ್ದೆಗಳು ಕೆಲವೇ ತಿಂಗಳ ಅಂತರದಲ್ಲಿ ಬಂದು ಬಾಡಿಗೆದಾರನ ಕಾಲಡಿಯ ನೆಲವನ್ನು ಎರಡೂ ಕಡೆಯಿಂದ ಕಿರಿದು ಮಾಡಿದವು. 1961ರ ಕಾಯ್ದೆಯ ಜಾಗದಲ್ಲಿ 2001ರ ಡಿಸೆಂಬರ್ 31ರಿಂದ ಜಾರಿಯಾದ ಕರ್ನಾಟಕ ಬಾಡಿಗೆ ಕಾಯ್ದೆ, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ತನ್ನ ವ್ಯಾಪ್ತಿಯ ಇತರ ಊರುಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿತು. ಬೆಲೆಯೇರಿಕೆಯಲ್ಲಿ ಆ ಮಿತಿಯೊಳಗೆ ಉಳಿಯುವ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಹೊರಗುಳಿದವರ ಪಾಲಿಗೆ ಉಳಿದದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಅದರ ಪ್ರಕಾರ ತಿಂಗಳ ಬಾಡಿಗೆಯ ಮನೆ ಖಾಲಿ ಮಾಡಿಸಲು ಹದಿನೈದು ದಿನದ ನೋಟಿಸು ಸಾಕು. ಇನ್ನೊಂದು, 2002ರ ಜೂನ್ 21ರಿಂದ ಜಾರಿಗೆ ಬಂದ, ಸರ್ಫೇಸಿ ಎಂಬ ಕಿರುಹೆಸರಿನಿಂದ ಪ್ರಸಿದ್ಧವಾದ ಕೇಂದ್ರದ ಕಾಯ್ದೆ. ಸುಸ್ತಿಸಾಲದಿಂದ ಕಂಗೆಟ್ಟ ಬ್ಯಾಂಕುಗಳಿಗೆ ಸಿವಿಲ್ ದಾವೆಯ ಹಾದಿಯಲ್ಲಿ ದಶಕಗಳು ಕಳೆಯುತ್ತಿದ್ದುದರಿಂದ, ನ್ಯಾಯಾಲಯದ ತೀರ್ಪಿಗೆ ಕಾಯದೆ ಅಡಮಾನದ ಆಸ್ತಿಯನ್ನು ತಾವೇ ವಶಪಡಿಸಿಕೊಂಡು ಹರಾಜು ಹಾಕುವ ಅಧಿಕಾರವನ್ನು ಅದು ಕೊಟ್ಟಿತು. ಕೃಷಿ ಜಮೀನನ್ನು 31ನೆಯ ಕಲಂ ಹೊರಗಿಟ್ಟಿತು. ಹೀಗಾಗಿ ಹೊಗೆಸೊಪ್ಪು ಬೆಳೆಯುವ ಹೊಲಕ್ಕೆ ಈ ಕಾಯ್ದೆ ತಾಗದೆ, ಅದೇ ರೈತ ಪಟ್ಟಣದಲ್ಲಿ ಕಟ್ಟಿಸಿದ ಬಾಡಿಗೆ ಮನೆಗೆ ಮಾತ್ರ ತಾಗಿತು. ಗೃಹಸಾಲ ಕಂಪನಿಗಳು, ಸಹಕಾರ ಬ್ಯಾಂಕುಗಳು, ದೊಡ್ಡ ಬ್ಯಾಂಕೇತರ ಹಣಕಾಸು ಸಂಸ್ಥೆಗಳೂ ಮುಂದೆ ಇದರ ಬಳಕೆದಾರರಾದವು.

ಕ್ರಮ ಹೀಗಿದೆ: ಸಾಲ ಸುಸ್ತಿಯಾಗಿ ಅನುತ್ಪಾದಕವೆಂದು ಗುರುತಿಸಲ್ಪಟ್ಟ ಮೇಲೆ 13ನೆಯ ಕಲಮಿನಂತೆ ಸಾಲಗಾರನಿಗೆ ಅರವತ್ತು ದಿನಗಳ ನೋಟಿಸು, ಹಣ ಬಾರದಿದ್ದರೆ ಸ್ವಾಧೀನದ ನೋಟಿಸನ್ನು ಮನೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಿ, ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದು, ಪ್ರಕಟಿಸಬೇಕು, ನಂತರ ಹರಾಜಿನ ನೋಟಿಸು. ಬಾಡಿಗೆದಾರನಿಗೆ ಸಂಗತಿ ತಿಳಿಯುವುದು ಎಷ್ಟೋ ಸಲ ಬಾಗಿಲಿಗೆ ಅಂಟಿಸಿದ ಆ ಕಾಗದದಿಂದಲೇ. ಅದರಲ್ಲಿ ಸಾಲಗಾರನ ಹೆಸರಿದೆ, ಜಾಮೀನುದಾರರ ಹೆಸರಿದೆ, ಬಾಕಿ ಮೊತ್ತ ರೂಪಾಯಿ-ಪೈಸೆಗಳ ಸಮೇತ ಇದೆ, ಮನೆಯ ಚಕ್ಕುಬಂದಿ ಪೂರ್ವ-ಪಶ್ಚಿಮ-ಉತ್ತರ-ದಕ್ಷಿಣವಾಗಿ ಇದೆ. ಆ ಬಾಗಿಲ ಹಿಂದೆ ವಾಸವಿರುವವರ ಹೆಸರು ಇಲ್ಲ. ಯಾರೂ ಬಿಟ್ಟುಕೊಡದಿದ್ದರೆ ಬ್ಯಾಂಕು 14ನೆಯ ಕಲಮಿನಡಿ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಹಾಕುತ್ತದೆ, ಅವರು ತಮ್ಮ ಕೈಕೆಳಗಿನ ಅಧಿಕಾರಿಗೆ ಆದೇಶ ಕೊಡುತ್ತಾರೆ, ಆ ಅಧಿಕಾರಿ ಪೊಲೀಸರೊಂದಿಗೆ ಬಂದು ಬೀಗ ಮುರಿದು ಮನೆ ಒಪ್ಪಿಸುತ್ತಾರೆ. ಕಂದಾಯ ಇಲಾಖೆಯ ಯಾವ ಅಧಿಕಾರಿಶ್ರೇಣಿ 1974ರ ನಂತರ ಊರಿನವರ ಸಾಕ್ಷ್ಯ ಕೇಳಿ ಒಳಗಿದ್ದವನ ಹಕ್ಕನ್ನು ಬರೆದುಕೊಂಡಿತ್ತೋ ಅದೇ ಶ್ರೇಣಿಯನ್ನು ಈ ಕಾಯ್ದೆ ವಿವಾದದೊಳಗೆ ಇಳಿಯದೆ ಸ್ವಾಧೀನ ಕೊಡಿಸುವುದಕ್ಕೆ ಮಾತ್ರ ಸೀಮಿತಗೊಳಿಸಿತು. ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗೋಣವೆಂದರೆ, ಸ್ವಾಧೀನವನ್ನು ಸಾಲಗಾರನಿಗೆ ಮರಳಿಸುವ ಅಧಿಕಾರ ಅದಕ್ಕಿತ್ತೇ ಹೊರತು ಬಾಡಿಗೆದಾರನಿಗೆ ಮರಳಿಸುವ ಅಧಿಕಾರ ಇರಲಿಲ್ಲ.

ಈ ಅನ್ಯಾಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಲು ಹನ್ನೆರಡು ವರ್ಷ ಹಿಡಿಯಿತು. ಹರ್ಷದ್ ಗೋವರ್ಧನ್ ಸೊಂಡಗರ್ ಪ್ರಕರಣದಲ್ಲಿ 2014ರ ಏಪ್ರಿಲ್‌ನಲ್ಲಿ ನ್ಯಾಯಾಲಯ, ಅಡಮಾನಕ್ಕೆ ಮೊದಲೇ ಕಾನೂನುಬದ್ಧವಾಗಿ ಆಗಿದ್ದ ಗುತ್ತಿಗೆ ಅಡಮಾನದಿಂದ ಅಳಿಯುವುದಿಲ್ಲ, ದಂಡಾಧಿಕಾರಿ ಆ ಗುತ್ತಿಗೆದಾರನ ಮಾತನ್ನು ಕೇಳಿಯೇ ಆದೇಶ ಮಾಡಬೇಕು ಎಂದು ಹೇಳಿತು. ದೊಡ್ಡ ತಿರುವು 2016ರ ಜನವರಿ 20ರಂದು ಬಂದ ವಿಶಾಲ್ ಎನ್. ಕಲ್ಸಾರಿಯಾ ತೀರ್ಪು. ಮುಂಬೈನ ಬಾಡಿಗೆದಾರರ ಆ ಪ್ರಕರಣದಲ್ಲಿ, ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಗೋಪಾಲ ಗೌಡ ಮತ್ತು ನ್ಯಾಯಮೂರ್ತಿ ಅಮಿತಾವ ರಾಯ್ ಅವರ ಪೀಠ, ರಾಜ್ಯದ ಬಾಡಿಗೆ ಕಾಯ್ದೆ ಕೊಟ್ಟ ರಕ್ಷಣೆಯನ್ನು ಬ್ಯಾಂಕಿನ ಕಾಯ್ದೆಯ ಬಲದಿಂದ ಕಿತ್ತುಕೊಳ್ಳುವಂತಿಲ್ಲ, ಇತರ ಕಾನೂನುಗಳಿಗಿಂತ ಸರ್ಫೇಸಿಯೇ ಮೇಲೆಂದು ಹೇಳುವ 35ನೆಯ ಕಲಂ ಬಾಡಿಗೆದಾರನ ಶಾಸನಬದ್ಧ ಹಕ್ಕನ್ನು ತುಳಿಯಲು ಪರವಾನಗಿಯಲ್ಲ ಎಂದು ತೀರ್ಮಾನಿಸಿತು. ಅದೇ ವರ್ಷ ಸಂಸತ್ತು ತಂದ 17(4ಎ) ಉಪಕಲಂ ಸೆಪ್ಟೆಂಬರ್ 1ರಿಂದ ಬಾಡಿಗೆದಾರನಿಗೆ ನ್ಯಾಯಮಂಡಳಿಯ ಬಾಗಿಲು ತೆರೆಯಿತು. ಆದರೆ ಗುತ್ತಿಗೆ ಅವಧಿ ಮುಗಿದಿದೆಯೇ, ಅಡಮಾನದ ಷರತ್ತಿಗೆ ವಿರುದ್ಧವೇ, ಸುಸ್ತಿಯ ನೋಟಿಸಿನ ನಂತರ ಹುಟ್ಟಿದ್ದೇ ಎಂಬ ಪರೀಕ್ಷೆಗಳನ್ನೂ ಬಾಗಿಲಲ್ಲೇ ನಿಲ್ಲಿಸಿತು. 2019ರ ಸೆಪ್ಟೆಂಬರ್ 11ರ ಬಜರಂಗ್ ಶ್ಯಾಮಸುಂದರ್ ಅಗರ್ವಾಲ್ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನಷ್ಟು ಬಿಗಿ ಮಾಡಿತು: ನೋಂದಾಯಿತ ಪತ್ರವಿಲ್ಲದೆ, ಬಾಯಿಮಾತಿನ ಬಾಡಿಗೆಯನ್ನು ಮುಂದಿಡುವವನು ಅದನ್ನು ದಾಖಲೆಗಳಿಂದ ಸಾಬೀತುಪಡಿಸಬೇಕು, ಸಾಬೀತಾದರೂ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯನ್ನು ಕೇಳುವಂತಿಲ್ಲ. ಬ್ಯಾಂಕನ್ನು ವಂಚಿಸಲು ಮಾಲೀಕರೇ ಹುಟ್ಟಿಸುವ ಸುಳ್ಳು ಬಾಡಿಗೆದಾರರ ಭಯ ಈ ಬಿಗಿಗೆ ಕಾರಣ, ಮತ್ತು ಆ ಭಯ ನಿರಾಧಾರವಲ್ಲ. ಆದರೆ ಅದರ ಬೆಲೆ ತೆರುವವನು ನಿಜವಾದ ಬಾಡಿಗೆದಾರ. ರಸೀದಿ ಕೊಡದ ಮಾಲೀಕ 1974ರಲ್ಲೂ ಇದ್ದ, 2019ರಲ್ಲೂ ಇದ್ದ. ಮೊದಲನೆಯ ಕಾಲದ ಕಾನೂನು ನೆರೆಯವರ ಸಾಕ್ಷ್ಯದಿಂದ ಆ ಕೊರತೆಯನ್ನು ತುಂಬಿಕೊಂಡಿತು, ಎರಡನೆಯ ಕಾಲದ್ದು ಆ ಕೊರತೆಯನ್ನು ಬಾಡಿಗೆದಾರನ ತಪ್ಪೆಂದೇ ಎಣಿಸಿತು.

ಕರ್ನಾಟಕದ ಮಟ್ಟಿಗೆ ಕಲ್ಸಾರಿಯಾ ತೀರ್ಪಿನ ಫಲ ಇನ್ನೂ ಕಿರಿದು, ಏಕೆಂದರೆ ಅದು ಕಾಪಾಡುವುದು ಬಾಡಿಗೆ ಕಾಯ್ದೆಯೊಳಗಿರುವವರನ್ನು, ಇಲ್ಲಿನ ಕಾಯ್ದೆಯೋ ಹೆಚ್ಚಿನವರನ್ನು ಆಗಲೇ ಹೊರಗೆ ಬಿಟ್ಟಿದೆ. ಎಲ್ಲರಿಗಿಂತ ದುರ್ಬಲನಾಗಿ ಉಳಿದವನು ಮನೆಯ ಭೋಗ್ಯದಾರ. ಅಡವಿಟ್ಟ ಮನೆಯನ್ನು ಮಾಲೀಕ ಬಾಡಿಗೆಗೆ ಕೊಡಬಹುದೇ ಎಂಬುದನ್ನು 1929ರಲ್ಲಿ ಆಸ್ತಿ ವರ್ಗಾವಣೆ ಕಾಯ್ದೆಗೆ ಸೇರಿದ 65ಎ ಕಲಂ ಹೇಳುತ್ತದೆ. ಬೇರೆ ಕರಾರು ಇಲ್ಲದಿದ್ದರೆ ಕೊಡಬಹುದು, ಆದರೆ ಕಟ್ಟಡವಾದರೆ ಮೂರು ವರ್ಷ ಮೀರಬಾರದು, ಸಿಗಬಹುದಾದ ಒಳ್ಳೆಯ ಬಾಡಿಗೆಯೇ ಆಗಿರಬೇಕು, ಮತ್ತು ಒಟ್ಟು ಮೊತ್ತವನ್ನಾಗಲಿ ಮುಂಗಡ ಬಾಡಿಗೆಯನ್ನಾಗಲಿ ಪಡೆಯಬಾರದು. ಒಟ್ಟು ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವುದೇ ಭೋಗ್ಯದ ಸ್ವರೂಪವಾದ್ದರಿಂದ, ಸಾಲವಾದ ನಂತರ ಹಿಡಿದ ಭೋಗ್ಯದ ಮನೆ ಈ ಕಲಮಿನ ಪರೀಕ್ಷೆಯಲ್ಲಿ ನಿಲ್ಲುವುದು ಬಹಳ ಕಷ್ಟ. ಸಾಲಕ್ಕೆ ಮೊದಲೇ, ನೋಂದಾಯಿತ ಪತ್ರದಿಂದ ಹಿಡಿದ ಭೋಗ್ಯವಾದರೆ ಅದು ಬ್ಯಾಂಕಿನ ಅಡಮಾನಕ್ಕಿಂತ ಮುಂಚಿನ ಋಣಭಾರವಾಗಿ ನಿಲ್ಲುತ್ತದೆ. ಆದರೆ ಹಾಗೆ ನೋಂದಾಯಿಸುವವರು ವಿರಳ.

ಇದಕ್ಕೆ ಬೇರೆ ದಾರಿಯೇ ಇರಲಿಲ್ಲವೆನ್ನಲಾಗದು. 2008ರ ಸುತ್ತಿನ ಗೃಹಸಾಲ ಕುಸಿತದಲ್ಲಿ ಅಮೆರಿಕದ ಲಕ್ಷಾಂತರ ಮನೆಗಳು ಬ್ಯಾಂಕುಗಳ ಪಾಲಾದಾಗ, ಕಂತು ಕಟ್ಟಬೇಕಾದ ಹೊಣೆಯೇ ಇಲ್ಲದ ಬಾಡಿಗೆದಾರರು ಬೀದಿಗೆ ಬೀಳುತ್ತಿದ್ದುದನ್ನು ಕಂಡು, ಅಲ್ಲಿನ ಸಂಸತ್ತು 2009ರ ಮೇ 20ರಂದು ಜಾರಿಗೆ ಬಂದ ಕಾಯ್ದೆಯಿಂದ ನಿಜವಾದ ಬಾಡಿಗೆದಾರನಿಗೆ ಕನಿಷ್ಠ ತೊಂಬತ್ತು ದಿನಗಳ ನೋಟಿಸು ಕೊಡಲೇಬೇಕೆಂದೂ, ಒಪ್ಪಂದದ ಅವಧಿ ಉಳಿದಿದ್ದರೆ, ಕೊಂಡವನು ತಾನೇ ಆ ಮನೆಯಲ್ಲಿ ವಾಸಿಸುವ ಹೊರತು, ಅವಧಿ ಮುಗಿಯುವ ತನಕ ಇರಗೊಡಬೇಕೆಂದೂ ವಿಧಿಸಿತು. 2014ರ ಕೊನೆಗೆ ಮುಗಿದುಹೋಗಿದ್ದ ಆ ಕಾಯ್ದೆಯನ್ನು 2018ರಲ್ಲಿ ಕಾಯಂಗೊಳಿಸಲಾಯಿತು. ಸರ್ಫೇಸಿಯಲ್ಲಿ ಬಾಡಿಗೆದಾರನ ಹೆಸರಿಗೇ ಹೋಗಬೇಕಾದ, ಅವನು ಬೇರೆ ಮನೆ ಹುಡುಕಿಕೊಳ್ಳಲು ಬೇಕಾದಷ್ಟು ದಿನದ ನೋಟಿಸು ಎಂಬುದಿಲ್ಲ. ಮೂರು ತಿಂಗಳ ಕಾಲಾವಕಾಶದಿಂದ ಯಾವ ಬ್ಯಾಂಕೂ ಮುಳುಗದು. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಆ ಮೂರು ತಿಂಗಳು ಬಹಳ ದೊಡ್ಡದು.

ಕರ್ನಾಟಕದ ಶಾಸನಸಭೆ ಸಾಲದ ಪ್ರಶ್ನೆಗೆ ಮತ್ತೆ ಮರಳಿದ್ದುಂಟು. 2019ರ ಜುಲೈನಲ್ಲಿ ಜಾರಿಗೆ ಬಂದ 2018ರ ಋಣ ಪರಿಹಾರ ಕಾಯ್ದೆ 1976ರದ್ದರ ಮಾದರಿಯಲ್ಲೇ ಬಡ ಸಾಲಗಾರರ ಖಾಸಗಿ ಲೇವಾದೇವಿ ಸಾಲವನ್ನು ತೀರಿದಂತೆ ಮಾಡಿತು. ಅರ್ಜಿ ಸಲ್ಲಿಸಬೇಕಾದದ್ದು ಉಪವಿಭಾಗಾಧಿಕಾರಿಗೇ. ಕಿರುಸಾಲ ಕಂಪನಿಗಳ ವಸೂಲಿ ಕಿರುಕುಳಕ್ಕೆ ಬೇಸತ್ತು ಮೈಸೂರು, ಚಾಮರಾಜನಗರ ಕಡೆಯ ಕುಟುಂಬಗಳು ಊರು ಬಿಟ್ಟ ಸುದ್ದಿಗಳ ನಡುವೆ, 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಬಂತು. ಎರಡೂ ಬೇಕಾದವೇ. ಆದರೆ ಎರಡೂ ನೋಡಿದ್ದು ಸಾಲ ಮಾಡಿದವನನ್ನು. ಸಾಲ ಮಾಡದೆ, ಸಾಲ ಮಾಡಿದವನ ಮನೆಯಲ್ಲಿ ಹಣ ತೊಡಗಿಸಿ ಬಾಳುತ್ತಿರುವವನನ್ನಲ್ಲ. ಹರಾಜಿನಿಂದ ಬಂದ ಹಣ ಹೇಗೆ ಹಂಚಿಕೆಯಾಗಬೇಕೆಂದು ಸರ್ಫೇಸಿಯ 13(7) ಉಪಕಲಂ ಹೇಳುತ್ತದೆ: ಮೊದಲು ವಸೂಲಿಯ ಖರ್ಚು, ನಂತರ ಬ್ಯಾಂಕಿನ ಬಾಕಿ, ಆಮೇಲೆ ಏನಾದರೂ ಉಳಿದರೆ ಅದಕ್ಕೆ ಹಕ್ಕುಳ್ಳವನಿಗೆ. ನೋಂದಣಿಯಿಲ್ಲದ ಛಾಪಾ ಕಾಗದ ಹಿಡಿದ ಭೋಗ್ಯದಾರನಿಗೆ ಆ ಉಳಿಕೆಯ ಮೇಲೂ ನೇರವಾದ ಹಕ್ಕಿಲ್ಲ. ತನ್ನ ಲಕ್ಷಗಳನ್ನು ಮರಳಿ ಪಡೆಯಲು ಅವನು ಮನೆ ಕಳೆದುಕೊಂಡ ಮಾಲೀಕನ ಮೇಲೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ದಶಕಗಳು ಹಿಡಿಯುತ್ತವೆಂದು ಹೇಳಿ 2002ರಲ್ಲಿ ಸಂಸತ್ತು ಬ್ಯಾಂಕುಗಳನ್ನು ಯಾವ ದಾರಿಯಿಂದ ಬಿಡಿಸಿತ್ತೋ, ಭೋಗ್ಯದಾರನಿಗೆ ತೆರೆದಿರುವುದು ಅದೇ ದಾರಿ.